ಹಿರಿಯರು ಅಗೆದ ಬಾವಿಗಳು

ವೇದಭಾಗ: ಆದಿಕಾಂಡ 26:17-22



ಅಬ್ರಹಾಮನ ಕಾಲದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಇಸಾಕ ಅವನ್ನು ಮತ್ತೆ ಅಗೆಸಿದ. ಗಮನಿಸಿ, ಅಪ್ಪ ಇಟ್ಟಿದ್ದ ಹೆಸರುಗಳನ್ನೇ ಮತ್ತೆ ಇಟ್ಟ. ಹೊಸ ಬೋರ್ಡ್ ಹಾಕಲಿಲ್ಲ!

ನಮ್ಮಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಓದಲಿಕ್ಕೆ, ಕೆಲಸಕ್ಕೆ ಬಂದ ಮಕ್ಕಳಿದ್ದೀರಿ. ನಿಮ್ಮ ಮುತ್ಯಾ, ಆಯಿ ಹಳ್ಳಿಯ ಮೆಥೋಡಿಸ್ಟ್ ಸಭೆಯವರು. "ಪಾಸ್ಟರ್, ಅದು ಸತ್ತ ಸಭೆ" ಅಂತ ಕೆಲವರು ಹೇಳ್ತೀರಿ. ಇನ್ನು ಕೆಲವರು ಮೆಲ್ಲಗೆ ಕೇಳ್ತೀರಿ, "ನಮ್ಮ ಮುತ್ಯಾಗೆ ರಕ್ಷಣೆ ಇತ್ತಾ?" ಈ ಪ್ರಶ್ನೆ ಹಗುರವಾದದ್ದಲ್ಲ.

ಮೊದಲನೆಯದು, ಬಾವಿ ಅಗೆದವರ ಕಷ್ಟ ತಿಳ್ಕೊಳ್ಳಿ. 1820ರಲ್ಲಿ ಲಂಡನ್ ಮಿಷನ್ ಬೆಳಗಾವಿಯಲ್ಲಿ ಸೇವೆ ಆರಂಭಿಸಿತು. ನಾಲ್ಕೇ ವರ್ಷಕ್ಕೆ ಕಿತ್ತೂರು ಚೆನ್ನಮ್ಮ ಕಂಪನಿಯ ವಿರುದ್ಧ ಯುದ್ಧಕ್ಕೆ ನಿಂತಳು. 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲೇ ತೀರಿಕೊಂಡಳು. ಅಂಥ ನೆಲದಲ್ಲಿ ಬಿಳಿಯರು ತಂದ ಸುವಾರ್ತೆಗೆ ಕಿವಿಗೊಡೋದು ಸುಲಭವಿತ್ತಾ? 1904ರಲ್ಲಿ ಆ ಸೇವೆ ಅಮೆರಿಕದ ಮೆಥೋಡಿಸ್ಟರ ಕೈಗೆ ಬಂತು. ಆಮೇಲೆ ಹಳ್ಳಿಗಳ ಕೇರಿಗಳಲ್ಲಿ ಸಭೆಗಳು ಬೆಳೆದವು. ಸೇರಿದವರು ಹೆಚ್ಚಾಗಿ ದಲಿತರು. ಊರ ಬಾವಿಗೆ ಕೊಡ ಇಳಿಸಲು ಬಿಡದಿದ್ದ ಜನರಿಗೆ ಕರ್ತನು ಜೀವಜಲ ಕೊಟ್ಟನು. ಹಲ್ಲೆಲೂಯ!

ಸವದತ್ತಿ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುತ್ತಿದ್ದರು. ಅದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಅದಕ್ಕೂ ಮೊದಲು ಕೇರಿಯ ಒಬ್ಬ ತಾಯಿ "ನನ್ನ ಮಗಳು ಯೇಸುವಿನವಳು, ಮುತ್ತು ಕಟ್ಟಿಸಲ್ಲ" ಅನ್ನಬೇಕಾದರೆ ಎಷ್ಟು ವಿಶ್ವಾಸ ಬೇಕು! 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ. ಅಂದರೆ ಕೇರಿಯಲ್ಲಿ ಜಾತಿಯ ಅವಮಾನ ಉಳೀತು, ಕಾಗದದಲ್ಲಿ ಹಕ್ಕು ಹೋಯ್ತು. ಆದರೂ ಭಾನುವಾರ ಹಾರ್ಮೋನಿಯಂ, ತಬಲಾ ಹಿಡಿದು ಭಜನೆ ಮಾಡಿದರು. ನಮ್ಮ ಎಲ್‌ಇಡಿ ಪರದೆಯ ಆರಾಧನೆಗೆ ನಾವು ಕೊಟ್ಟ ಬೆಲೆ ಎಷ್ಟು?

ಎರಡನೆಯದು, ಒಂದೇ ಬುಗ್ಗೆ. 1905ರಲ್ಲಿ ಪುಣೆಯ ಬಳಿ ಕೇಡಗಾಂವದ ಮುಕ್ತಿ ಮಿಷನ್‌ನಲ್ಲಿ ಉಜ್ಜೀವನ ಇಳಿಯಿತು. ಅದನ್ನು ನಡೆಸುತ್ತಿದ್ದವರು ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ. ಅವರ ಜೊತೆ ಸೇವೆ ಮಾಡಿ, ಪವಿತ್ರಾತ್ಮನ ದೀಕ್ಷಾಸ್ನಾನದ ಬಗ್ಗೆ 1906ರಲ್ಲಿ ಪುಸ್ತಕ ಬರೆದ ಮಿನ್ನಿ ಏಬ್ರಮ್ಸ್ ಯಾರು? ಮೆಥೋಡಿಸ್ಟ್ ಮಿಷನರಿಯಾಗಿ ಭಾರತಕ್ಕೆ ಬಂದಾಕೆ! ಆ ಪುಸ್ತಕ ಚಿಲಿ ದೇಶದ ಮೆಥೋಡಿಸ್ಟ್ ಸೇವಕರ ಕೈಸೇರಿ ಅಲ್ಲಿಯೂ ಬೆಂಕಿ ಹೊತ್ತಿತು. ನಾವು ನಮ್ಮದು ಅನ್ನೋ ಅಭಿಷೇಕದ ಬೆಂಕಿ ಆ ಒಲೆಯಿಂದಲೂ ಬಂದಿದೆ.

ಹಾಗಾದರೆ ಅಲ್ಲಿ ಮಣ್ಣು ಬಿದ್ದಿಲ್ವಾ? ಬಿದ್ದಿರಬಹುದು. ಯಾವ ಸಭೆಯ ಬಾವಿಗೂ ಮಣ್ಣು ಬೀಳುತ್ತೆ, ನಮ್ಮದಕ್ಕೂ. ಮಣ್ಣು ಬಿದ್ದ ಬಾವಿ ಬತ್ತಿದ ಬಾವಿಯಲ್ಲ. ಮುತ್ಯಾನ ವಿಷಯ ಕೇಳಿದವರೇ, ಹೃದಯ ನೋಡುವವನು ಕರ್ತನು. ಆತನನ್ನು ನಂಬಿ ಆತನಿಗಾಗಿ ಅವಮಾನ ಹೊತ್ತವರನ್ನು ಆತನು ಮರೆಯುವವನಲ್ಲ.

ಮೂರನೆಯದು, ಬಾವಿಗಾಗಿ ಜಗಳ ಬೇಡ. ಏಸೆಕ್ ಅಂದರೆ ಜಗಳ, ಸಿಟ್ನಾ ಅಂದರೆ ಹಗೆತನ. ಇಸಾಕ ಎರಡನ್ನೂ ಬಿಟ್ಟು ಮುಂದೆ ನಡೆದ. ದೇವರು ರೆಹೋಬೋತ್ ಕೊಟ್ಟನು, ವಿಶಾಲ ಸ್ಥಳ. ರಜೆಗೆ ಊರಿಗೆ ಹೋದಾಗ "ನಿಮ್ಮ ಸಭೆ, ನಮ್ಮ ಸಭೆ" ಅಂತ ವಾದ ಮಾಡಬೇಡಿ. ಮುತ್ಯಾನ ಪಕ್ಕ ಚಾಪೆ ಮೇಲೆ ಕೂತು ಆರಾಧಿಸಿ. "ಆಯಿ, ನಮ್ಮ ಮನೆಗೆ ಯೇಸು ಹೆಂಗ ಬಂದ?" ಅಂತ ಕೇಳಿ, ಬರೆದಿಡಿ. ಅವರ ಜೊತೆ ಪ್ರಾರ್ಥಿಸಿ. ಅದೇ ನೀವು ಮಣ್ಣು ತೆಗೆಯುವ ಕೆಲಸ.

ಪ್ರಾರ್ಥಿಸೋಣ. ಕರ್ತನೇ, ನಮಗಿಂತ ಮುಂಚೆ ಅಗೆದ ಕೈಗಳಿಗಾಗಿ ಸ್ತೋತ್ರ. ಆ ಹಳ್ಳಿಗಳ ಸಭೆಗಳಲ್ಲಿಯೂ ನಮ್ಮಲ್ಲಿಯೂ ನಿನ್ನ ಆತ್ಮನ ಬುಗ್ಗೆ ಉಕ್ಕಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.