ಅಡುಗೆಮನೆಯ ಅಮಾನತ್ತು

ಮನುಷ್ಯನು ತನ್ನ ಮಕ್ಕಳಿಗೆ ಹೊಲ, ಮನೆ, ಒಡವೆಗಳನ್ನು ಮಾತ್ರ ಬಿಟ್ಟುಹೋಗುವುದಿಲ್ಲ. ಕೈಯ ಹದವನ್ನೂ ಬಿಟ್ಟುಹೋಗುತ್ತಾನೆ. ಹೊಲ ಪಾಲು ಮಾಡುವಾಗ ನಾವು ಶರೀಅತ್ತನ್ನು ವಿಚಾರಿಸುತ್ತೇವೆ. ಹದದ ವಿಷಯದಲ್ಲಿ ಯಾರೂ ವಿಚಾರಿಸುವುದಿಲ್ಲ. ಆದರೆ ಅಲ್ಲಿಯೂ ನ್ಯಾಯ-ಅನ್ಯಾಯದ ಪ್ರಶ್ನೆಯಿದೆ.

ನಾನ್‌ಖಟಾಯಿಯನ್ನೇ ತೆಗೆದುಕೊಳ್ಳಿ. ನಮ್ಮ ದೊಡ್ಡಉಳ್ಳಾರ್ತಿಯಂತಹ ಹಳ್ಳಿಗಳಲ್ಲಿ ಹಿಂದೆ ಓವನ್ ಎಲ್ಲಿತ್ತು? ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ತಟ್ಟೆಯಿಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುವುದೇ ಹಳೆಯ ಕ್ರಮ. ಅನಂತರ, ಈದ್ ಹತ್ತಿರವಾದಾಗ ಮನೆಯಲ್ಲೇ ಹಿಟ್ಟು ಕಲಸಿ ಪೇಟೆಯ ಬೇಕರಿಯಲ್ಲಿ ಬೇಯಿಸಿಕೊಂಡು ಬರುವ ರೂಢಿ ಬಂತು. ಮೈದಾ, ಸಕ್ಕರೆ, ತುಪ್ಪ, ಏಲಕ್ಕಿ ಎಲ್ಲರಿಗೂ ಗೊತ್ತು. ತುಪ್ಪ-ಸಕ್ಕರೆಯನ್ನು ಎಷ್ಟು ಹೊತ್ತು ತಿಕ್ಕಿದರೆ ಬೆಳ್ಳಗೆ ಹಗುರವಾಗುತ್ತದೆ, ಹಿಟ್ಟನ್ನು ನಾದದೆ ಎಲ್ಲಿಗೆ ನಿಲ್ಲಿಸಬೇಕು ಎಂಬುದು ಮಾತ್ರ ದಾದಿ, ನಾನಿಯರ ಕೈಗೆ ಗೊತ್ತು.

ಈ ತಿಳಿವಳಿಕೆ ಯಾರದು? ಮಗಳು ಪರರ ಮನೆಗೆ ಹೋಗುವವಳೆಂದು ಕೆಲವರು ಅವಳಿಗೆ ಹೇಳಿಕೊಡುವುದಿಲ್ಲ. ಸೊಸೆ ಹೊರಗಿನಿಂದ ಬಂದವಳೆಂದು ಕೆಲವರು ಅವಳಿಗೂ ಹೇಳುವುದಿಲ್ಲ. ನೆರೆಯವಳು ಕೇಳಿದರೆ ಒಂದು ಸಾಮಗ್ರಿಯನ್ನು ಬಿಟ್ಟು ಹೇಳುವವರೂ ಇದ್ದಾರೆ. ಕೊನೆಗೆ ಒಂದು ದಿನ ಆ ವಿದ್ಯೆ ಅಜ್ಜಿಯೊಂದಿಗೆ ಕಬರಸ್ಥಾನ ಸೇರುತ್ತದೆ.

ಎರಡು ಎಕರೆ ಶೇಂಗಾ ಹೊಲವನ್ನು ಇಬ್ಬರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದೇ ಎಕರೆ. ಹದವನ್ನು ಹತ್ತು ಮಂದಿಗೆ ಹಂಚಿದರೂ ಪ್ರತಿಯೊಬ್ಬರಿಗೂ ಪೂರ್ತಿ ಸಿಗುತ್ತದೆ, ಕೊಟ್ಟವರಿಗೂ ಪೂರ್ತಿ ಉಳಿಯುತ್ತದೆ. ಆಸ್ತಿಯಲ್ಲಿಯೇ ಮಗಳಿಗೆ ಪಾಲು ನಿಗದಿಪಡಿಸಿದ ಧರ್ಮವನ್ನು ನಂಬುವ ನಾವು, ಹಂಚಿದರೂ ಕಡಿಮೆಯಾಗದ ವಸ್ತುವಿನಿಂದ ಅವಳನ್ನು ದೂರವಿಡುವುದು ಯಾವ ನ್ಯಾಯ? ಪವಿತ್ರ ಕುರ್‌ಆನಿನ ಅಲ್‌ಮಾಊನ್ ಅಧ್ಯಾಯವು ಸಣ್ಣಪುಟ್ಟ ಬಳಕೆಯ ವಸ್ತುಗಳನ್ನೂ ಕೊಡದವರನ್ನು ಖಂಡಿಸುತ್ತದೆ. ಪಾತ್ರೆ, ಬಕೆಟ್ಟು, ಕೊಡಲಿಯಂಥವೇ ಅವು ಎಂದು ಇಬ್ನು ಮಸ್‌ಊದ್(ರ) ವಿವರಿಸಿದ್ದಾರೆ. ಪಾತ್ರೆಯನ್ನೇ ತಡೆಹಿಡಿಯಬಾರದೆಂದ ಮೇಲೆ, ಆ ಪಾತ್ರೆಯಲ್ಲಿ ಬೇಯಿಸುವ ವಿಧಾನವನ್ನು ತಡೆಹಿಡಿಯುವುದಕ್ಕೆ ಏನು ಸಮರ್ಥನೆ?

ಇದನ್ನೇ ನಂಬಿ ಬದುಕುವವರ ಗತಿಯೇನು ಎಂದು ಕೇಳಬಹುದು. ಈ ಪ್ರಶ್ನೆ ಸಹಜ. ಬೆಂಗಳೂರಿನ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರಷ್ಟು ಹಳೆಯದು. ತಲೆಮಾರುಗಳ ದುಡಿಮೆಯಿಂದ ನಿಂತ ಅಂತಹ ಅಂಗಡಿಯವರು ತಮ್ಮ ಪಾಕವನ್ನು ಪೈಪೋಟಿಯವರಿಗೆ ಒಪ್ಪಿಸಬೇಕೆಂದು ಯಾರೂ ಹೇಳಲಾರರು. ಅನ್ನದ ದಾರಿಯನ್ನು ಕಾಯ್ದುಕೊಳ್ಳುವುದು ಬೇರೆ, ಹೆಗ್ಗಳಿಕೆಯನ್ನು ಕಾಯ್ದುಕೊಳ್ಳುವುದು ಬೇರೆ. ಮನೆಯ ಗುಟ್ಟುಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಗೆ ಸೇರಿದವು.

ಇನ್ನೊಂದು ಪ್ರಶ್ನೆ: ಹಿರಿಯರ ಪಾಕವನ್ನು ಬದಲಿಸಬಹುದೇ? ಖರ್ಜೂರದ ಮರಗಳ ಪರಾಗಸ್ಪರ್ಶದ ಪ್ರಸಂಗದಲ್ಲಿ ಪ್ರವಾದಿವರ್ಯರು(ಸ) ಲೌಕಿಕ ಕಸುಬಿನ ವಿಷಯವನ್ನು ಬಲ್ಲವರ ಅನುಭವಕ್ಕೆ ಬಿಟ್ಟರು. ಪಾಕವೂ ಅಂಥದ್ದೇ. ಅಜ್ಜಿ ವನಸ್ಪತಿ ಹಾಕುತ್ತಿದ್ದರೆಂದು ನಾವೂ ಹಾಕಲೇಬೇಕಿಲ್ಲ. ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಎಣ್ಣೆ, ವನಸ್ಪತಿಗಳಲ್ಲಿ ನೂರಕ್ಕೆ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ದೇಶದಲ್ಲಿ ಜಾರಿಗೆ ಬಂದಿದೆ. ತಿಳಿದ ಮೇಲೆ ತಿದ್ದಿಕೊಳ್ಳುವುದು ಹಿರಿಯರಿಗೆ ಅಗೌರವವಲ್ಲ. ಆದರೆ ವನಸ್ಪತಿ ಹಾಕಿ "ಅಜ್ಜಿಯ ಕಾಲದ ತುಪ್ಪದ ನಾನ್‌ಖಟಾಯಿ" ಎಂದು ಮಾರುವುದು ವಂಚನೆ. ಮೇಲೆ ಒಣ ಧಾನ್ಯ, ಒಳಗೆ ಒದ್ದೆ ಧಾನ್ಯ ಇಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ನಾವು ಮರೆಯಬಾರದು. ಅಲ್ಲಿ ಧಾನ್ಯದ ರಾಶಿ, ಇಲ್ಲಿ ಹಿರಿಯರ ಹೆಸರು.

ಅಮಾನತ್ತೆಂದರೆ ಬಚ್ಚಿಡುವ ವಸ್ತುವಲ್ಲ, ಕೆಡದಂತೆ ಕಾಪಾಡಿ ಮುಂದಿನವರಿಗೆ ಒಪ್ಪಿಸುವ ವಸ್ತು. ಆದ್ದರಿಂದ ತಾಯಂದಿರೇ, ಸಹೋದರಿಯರೇ, ಮನೆಯ ಹಿರಿಯ ಕೈ ಇನ್ನೂ ಹಿಟ್ಟು ಕಲಸುತ್ತಿರುವಾಗಲೇ ಹತ್ತಿರ ಕುಳಿತು ಕಲಿಯಿರಿ. ಅವರ 'ಒಂದು ಹಿಡಿ'ಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮಗಳಿಗೂ ಸೊಸೆಗೂ, ಆಸಕ್ತಿಯಿದ್ದರೆ ಮಗನಿಗೂ ಹೇಳಿಕೊಡಿ. ನೆರೆಯವರು ಯಾವ ಧರ್ಮದವರಾದರೂ ಸರಿ, ಕೇಳಿದರೆ ಒಂದನ್ನೂ ಬಿಡದೆ ಹೇಳಿ. ನಿಮ್ಮ ಕಾಲಾನಂತರವೂ ಯಾರದೋ ಒಲೆಯ ಮೇಲೆ ಅದು ಬೇಯುತ್ತಿದ್ದರೆ ಅದು ನಿಮ್ಮ ಪಾಲಿನ ಸತ್ಕರ್ಮವಾಗಲಿ.