ನಾವು ಯಾರನ್ನು ಹೊರಗೆ ಕಳಿಸುತ್ತೇವೆ?



ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಈಗ ಒಂಬತ್ತೂವರೆಯೊಳಗೆ ಮುಗಿಯಲೇಬೇಕು. ತಡವಾದರೆ ಕೊನೆಯ ಹತ್ತು ಮಣಿಗಳು ಓಡುತ್ತವೆ. ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ, ಬರೆಯುತ್ತಿರುವ ನಮ್ಮ ಮನೆಯಲ್ಲೂ ಅದೇ ಕಥೆ. ನಾರಾಯಣಪೇಟೆ, ಮಕ್ತಲ, ಗದ್ವಾಲದಲ್ಲಿ ಟಿವಿಗೂ ಎರಡು ನಾಲಿಗೆ. ಅಜ್ಜಿಗೆ ಕನ್ನಡ ಧಾರಾವಾಹಿ ಬೇಕು, ಶಾಲೆಗೆ ಹೋಗುವ ಮಕ್ಕಳಿಗೆ ತೆಲುಗು ಬೇಕು, ರಿಮೋಟು ಯಾರ ಕೈಯಲ್ಲಿದೆಯೋ ಅವರ ಭಾಷೆ ಗೆಲ್ಲುತ್ತದೆ. ಗದ್ವಾಲ 1956ರ ಅಕ್ಟೋಬರ್ ಮುಗಿಯುವ ತನಕ ರಾಯಚೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಹಬೂಬನಗರಕ್ಕೆ ಸೇರಿತು. ಕಾಗದದ ಮೇಲಿನ ಆ ಗಡಿ ಡಿಶ್ ಬುಟ್ಟಿಗೆ ಗೊತ್ತಿಲ್ಲ. ಹೀಗಾಗಿ ನಮ್ಮವರು ಎರಡೆರಡು ಬಿಗ್ ಬಾಸ್ ನೋಡುತ್ತಾರೆ. ಸುದೀಪ್ ನಡೆಸುವುದು ಒಂದು, ನಾಗಾರ್ಜುನ ನಡೆಸುವುದು ಇನ್ನೊಂದು. ಎರಡು ಮನೆಯ ಜಗಳ ಒಂದೇ ತಲೆಯಲ್ಲಿ.

ಒಂದು ಭಾನುವಾರ ಪೂಜೆ ಮುಗಿದು ಬೇವಿನ ಮರದ ಕೆಳಗೆ ನಿಂತಿದ್ದಾಗ ಒಬ್ಬ ತಾಯಿ ನಗುತ್ತಲೇ ಕೇಳಿದರು: "ಟಿವಿಯಾಗಿನವರನ್ನ ಬೈದ್ರ ಅದನ್ನೂ ಪಾಪಸಂಕೀರ್ತನದಾಗ ಹೇಳ್ಬೇಕೇನ್ರಿ?" ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಉತ್ತರ ಮಾತ್ರ ಯಾರಲ್ಲೂ ಇರಲಿಲ್ಲ.

ಧಾರಾವಾಹಿಯ ಮಾತು ಬೇರೆ ಎಂದು ಮೊದಲೇ ಹೇಳಿಬಿಡುತ್ತೇವೆ. ಹೆಂಗಸರು ಧಾರಾವಾಹಿ ನೋಡಿ ಹಾಳಾದರು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಮೂರೂ ಹೆಣ್ಣೇ ಹುಟ್ಟಿದವೆಂದು ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮಕ್ಕಳನ್ನು ಸಾಕುವ ಕಥೆ. ಪುಟ್ಟಕ್ಕನಾಗಿ ಉಮಾಶ್ರೀ. ಅದನ್ನು ನೋಡಿದ ಮರುದಿನ ನೀರು ತರುವ ಕಡೆ ನಡೆಯುತ್ತಿದ್ದ ಮಾತುಗಳನ್ನು ನಾವು ಕೇಳಿದ್ದೇವೆ. ಪುಟ್ಟಕ್ಕನ ಗಂಡನನ್ನು ಬೈಯುತ್ತಿದ್ದ ಒಬ್ಬ ಹೆಂಗಸಿಗೂ ಎರಡು ಹೆಣ್ಣುಮಕ್ಕಳು. ಮೂರನೆಯದಕ್ಕೆ ಮನೆಯಲ್ಲಿ ಒತ್ತಾಯವಿತ್ತು. ತನ್ನ ಅತ್ತೆಯ ಎದುರು ಹೇಳಲಾಗದ್ದನ್ನು ಆಕೆ ಪುಟ್ಟಕ್ಕನ ನೆಪದಲ್ಲಿ ಅತ್ತೆಯ ಕಿವಿಗೆ ಬೀಳುವಂತೆಯೇ ಹೇಳುತ್ತಿದ್ದಳು. ಅತ್ತೆಯೂ ಅರ್ಥವಾಗದವಳಂತೆ ಕೇಳಿಸಿಕೊಳ್ಳುತ್ತಿದ್ದಳು. ಅದು ಚಾಡಿಯಲ್ಲ. ಕಥೆಗಳು ಇರುವುದೇ ಅದಕ್ಕೆ. ಸಾಮತಿಗಳಲ್ಲಿ ಬರುವ ದುಂದುಗಾರ ಮಗನ ಅಣ್ಣನನ್ನು ನಾವೆಲ್ಲ ಬೈದಿಲ್ಲವೇ? ಅವನಿಗೇನೂ ನೋವಾಗಲಿಲ್ಲ, ನಮಗೆ ಮಾತ್ರ ಸ್ವಲ್ಪ ಚುಚ್ಚಿತು.

ರಿಯಾಲಿಟಿ ಶೋದಲ್ಲಿ ಇರುವವರು ಕಥೆಯವರಲ್ಲ. ಕ್ಯಾಮೆರಾ ಆರಿದ ಮೇಲೂ ಅವರಿಗೆ ಅದೇ ಹೆಸರು, ಅದೇ ಮುಖ. ಊರಲ್ಲಿ ಅವರ ತಾಯಿಯೂ ಅದೇ ಹೊತ್ತಿಗೆ ಟಿವಿ ಮುಂದೆ ಕೂತಿರುತ್ತಾಳೆ.

ಈ ಆಟ ಹಾಲೆಂಡಿನಲ್ಲಿ 1999ರಲ್ಲಿ ಹುಟ್ಟಿತು. ಹಿಂದಿಗೆ 2006ರಲ್ಲಿ, ಕನ್ನಡಕ್ಕೆ 2013ರಲ್ಲಿ, ತೆಲುಗಿಗೆ 2017ರಲ್ಲಿ ಬಂತು. 2024ರ ಸೆಪ್ಟೆಂಬರ್ ಕೊನೆಗೆ ಶುರುವಾದ ಕನ್ನಡದ 11ನೇ ಸೀಸನ್ನಿನಲ್ಲಿ ಮನೆಯನ್ನು ಸ್ವರ್ಗ, ನರಕ ಎಂದು ಎರಡು ಭಾಗ ಮಾಡಿದರು. ಮೊದಲ ಕೆಲವು ಸ್ಪರ್ಧಿಗಳನ್ನು ಎಲ್ಲಿಗೆ ಕಳಿಸಬೇಕು ಎಂದು ನೋಡುವವರ ಮತವನ್ನೇ ಕೇಳಿದರು. ಸ್ವರ್ಗದವರಿಗೆ ಸೌಕರ್ಯ, ನರಕದವರಿಗೆ ಗಂಜಿ. ದೂರು ಹೋಯಿತು, ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಿತು, ಕೆಲವು ದಿನಗಳಲ್ಲಿ ಆ ನರಕವನ್ನು ಒಡೆದುಹಾಕಿದ್ದನ್ನೂ ಟಿವಿಯಲ್ಲೇ ತೋರಿಸಿದರು. ಆಗ ನಮಗೆ ಅನ್ನಿಸಿದ್ದನ್ನು ಬರೆಯುತ್ತೇವೆ. ಮನುಷ್ಯರನ್ನು ಸ್ವರ್ಗಕ್ಕೋ ನರಕಕ್ಕೋ ಕಳಿಸುವ ಕೆಲಸ ಯಾರದೆಂದು ಧರ್ಮೋಪದೇಶದ ತರಗತಿಯಲ್ಲಿ ಚಿಕ್ಕವರಾಗಿದ್ದಾಗಲೇ ಕಲಿತಿದ್ದೆವು. ಆ ಕೆಲಸವನ್ನು ಮೊಬೈಲಿನಲ್ಲಿ ಕೊಟ್ಟಾಗ ಒಬ್ಬರೂ ಬೇಡ ಎನ್ನಲಿಲ್ಲ. ನಾವೂ ಒತ್ತಿದೆವು.

ಲೆಕ್ಕವನ್ನೇ ನೋಡೋಣ. ಆ ಸೀಸನ್ನಿನ ಮೊದಲ ದಿನ ಒಳಗೆ ಹೋದವರು 17 ಜನ. 17 ಜನರ ಒಂದು ದಿನ ಎಂದರೆ 408 ಗಂಟೆಗಳ ಬದುಕು. ನಮಗೆ ತೋರಿಸುವುದು ಜಾಹೀರಾತು ಸೇರಿ ಒಂದೂವರೆ ಗಂಟೆ. ಯಾವುದನ್ನು ತೋರಿಸಬೇಕೆಂದು ಆರಿಸುವವರು ಶಾಂತವಾಗಿ ಪಾತ್ರೆ ತೊಳೆದ ಹೊತ್ತನ್ನು ಆರಿಸುವುದಿಲ್ಲ. ಅಳು ಬಂದಾಗ ಹಿಂದೆ ಸಂಗೀತ ಹಾಕುತ್ತಾರೆ, ಸಿಟ್ಟು ಬಂದಾಗ ಬೇರೆ ಸಂಗೀತ. ಇಷ್ಟನ್ನು ನೋಡಿ ನಾವು "ಅಕೀದು ಬರೇ ನಾಟಕ" ಎನ್ನುತ್ತೇವೆ, "ಅವನ ಮನಸ್ಸೇ ಸರಿ ಇಲ್ಲ" ಎನ್ನುತ್ತೇವೆ. ಮನಸ್ಸು! ನಮ್ಮ ಪಕ್ಕದಲ್ಲಿ ಇಪ್ಪತ್ತು ವರ್ಷ ಮಲಗಿದವರ ಮನಸ್ಸೇ ನಮಗೆ ಪೂರ್ತಿ ತಿಳಿದಿಲ್ಲ.

ಎಂಟನೆಯ ಕಟ್ಟಳೆಯ ಕೆಳಗೆ ಧರ್ಮಸಭೆ ಮೂರು ತಪ್ಪುಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬನು ಕೆಟ್ಟವನೆಂದು ಮನಸ್ಸಿನಲ್ಲೇ ಒಪ್ಪಿಕೊಳ್ಳುವುದು ಒಂದು. ಇಲ್ಲದ ತಪ್ಪನ್ನು ಕಟ್ಟಿ ಹೇಳುವುದು ಇನ್ನೊಂದು. ಮೂರನೆಯದು ಹಲವರಿಗೆ ಗೊತ್ತಿಲ್ಲ: ಇರುವ ತಪ್ಪನ್ನೇ, ನಿಜವಾದ ತಪ್ಪನ್ನೇ, ತಕ್ಕ ಕಾರಣವಿಲ್ಲದೆ ಗೊತ್ತಿಲ್ಲದವರಿಗೆ ಹೇಳಿ ಹರಡುವುದು. "ನಿಜ ಹೇಳಿದೆ, ಅದರಾಗೇನು ತಪ್ಪು?" ಎಂಬ ನಮ್ಮ ಜಾಣ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಯುವಕರೊಬ್ಬರು ನಮಗೆ ಸರಿಯಾದ ತಕರಾರನ್ನೇ ಎತ್ತಿದರು. "ಅವರು ದುಡ್ಡು ತಗೊಂಡು, ಸಹಿ ಹಾಕಿ ಒಳಗ ಹೋಗಿರ್ತಾರ. ನೋಡ್ರಿ ಅಂತ ಅವರೇ ಹೇಳಿದ ಮೇಲೆ ನೋಡಿ ಹೇಳೋದು ತಪ್ಪು ಹೆಂಗಾಗ್ತದ? ಮತ್ತ, ಎಡಿಟಿಂಗ್ ಮಾಡಿದ್ರೂ ಆಡಿದ ಮಾತು ಆಡಿದ್ದೇ ಅಲ್ಲ?" ನಿಜ. ಕೆಲವು ಸಲ ನಾವು ಕಂಡದ್ದು ಸರಿಯಾಗಿಯೇ ಇರುತ್ತದೆ. ಆಗ ಏನು?

ಇದಕ್ಕೆ ನಮಗೆ ನೆನಪಾಗುವುದು ಜೇಡ್ ಗೂಡಿ. 2007ರ ಜನವರಿಯಲ್ಲಿ ಇಂಗ್ಲೆಂಡಿನ 'ಸೆಲೆಬ್ರಿಟಿ ಬಿಗ್ ಬ್ರದರ್' ಮನೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಟಿ ಶಿಲ್ಪಾ ಶೆಟ್ಟಿಯನ್ನು ಆಕೆಯೂ ಇನ್ನಿಬ್ಬರೂ ಜನಾಂಗದ ಹೆಸರಿನಲ್ಲಿ ಹೀಯಾಳಿಸಿದರು. ಅದು ತಪ್ಪೇ, ಎಡಿಟಿಂಗ್ ಅಲ್ಲ. ಅಲ್ಲಿನ ನಿಯಂತ್ರಣ ಸಂಸ್ಥೆಗೆ 40,000ಕ್ಕೂ ಹೆಚ್ಚು ದೂರು ಹೋದವು, ನಮ್ಮ ದೇಶದಲ್ಲಿ ಪ್ರತಿಕೃತಿ ಸುಟ್ಟರು. ಜೇಡ್ ಹೊರಬಿದ್ದಳು. ಶಿಲ್ಪಾ ಗೆದ್ದರು, ಕ್ಷಮಿಸಿದ್ದೇನೆ ಎಂದೂ ಹೇಳಿದರು. ಆದರೆ ಕ್ಷಮಿಸುವ ಹಕ್ಕಿದ್ದ ಒಬ್ಬರು ಕ್ಷಮಿಸಿದ ಮೇಲೂ ಏನೂ ಅನುಭವಿಸದ ಲಕ್ಷಾಂತರ ಜನ ಕ್ಷಮಿಸಲಿಲ್ಲ. 2008ರ ಆಗಸ್ಟಿನಲ್ಲಿ ಆಕೆ ಹಿಂದಿ ಬಿಗ್ ಬಾಸ್‌ಗೆ ಬಂದಳು. ನಡೆಸುತ್ತಿದ್ದವರು ಅದೇ ಶಿಲ್ಪಾ ಶೆಟ್ಟಿ. ಮನೆಯೊಳಗಿದ್ದಾಗಲೇ ಗರ್ಭಕೊರಳಿನ ಕ್ಯಾನ್ಸರ್ ಎಂಬ ಸುದ್ದಿ ಬಂತು. ಆಟ ಬಿಟ್ಟು ಊರಿಗೆ ಹೋದಳು. 2009ರ ಮಾರ್ಚ್ 22ರಂದು ತೀರಿಕೊಂಡಾಗ ಆಕೆಗೆ 27 ವರ್ಷ, ಇಬ್ಬರು ಚಿಕ್ಕ ಗಂಡುಮಕ್ಕಳು. ಆ ದಿನ ಇಂಗ್ಲೆಂಡಿನಲ್ಲಿ ತಾಯಂದಿರ ದಿನವಾಗಿತ್ತು.

ಸತ್ತಳು ಎಂಬ ಕಾರಣಕ್ಕೆ ಆಕೆಯ ಮಾತು ತಪ್ಪಲ್ಲದ್ದಾಗುವುದಿಲ್ಲ. ನಾವು ಹಾಗೆ ಹೇಳುತ್ತಿಲ್ಲ. ಆಡಿದ ಮಾತು ತಪ್ಪು ಎನ್ನುವುದಕ್ಕೂ ಆಡಿದವಳು ಇಷ್ಟೇ, ಇನ್ನೇನೂ ಅಲ್ಲ ಎಂದು ಕಡತ ಮುಚ್ಚುವುದಕ್ಕೂ ನಡುವೆ ಬಹಳ ದೂರವಿದೆ. ಟಿವಿ ಮುಂದೆ ಕೂತಾಗ ಆ ದೂರವನ್ನು ನಾವು ಒಂದೇ ಹೆಜ್ಜೆಯಲ್ಲಿ ದಾಟುತ್ತೇವೆ, ಮತ್ತು ದಾಟುವಾಗ ಖುಷಿಯಾಗುತ್ತದೆ. ನಿಜ ಹೇಳಬೇಕೆಂದರೆ ನಮಗೆ ಹೆದರಿಕೆ ಹುಟ್ಟಿಸುವುದು ಆ ಖುಷಿಯೇ. ಶನಿವಾರ, ಭಾನುವಾರ ಯಾರು ಹೊರಗೆ ಹೋಗುತ್ತಾರೆಂದು ಕಾಯುವಾಗ ಎದೆಯಲ್ಲಿ ಒಂದು ಬಗೆಯ ಹಿತ ಇರುತ್ತದೆ. ಆ ಹಿತಕ್ಕೆ ನ್ಯಾಯ ಎಂದು ಹೆಸರಿಡುವುದು ನಮಗೆ ಕಷ್ಟವಾಗುತ್ತದೆ.

ಮೆಚ್ಚುಗೆಯ ವಿಷಯದಲ್ಲಾದರೂ ನಾವು ನೆಟ್ಟಗಿದ್ದೇವೆಯೇ? 11ನೇ ಸೀಸನ್ನನ್ನು ಗೆದ್ದವನು ಹಾವೇರಿ ಜಿಲ್ಲೆಯ ಹಾಡುಗಾರ ಹನುಮಂತ. ಕುರಿ ಕಾಯುತ್ತಿದ್ದ ಹುಡುಗ, ಮಧ್ಯದಲ್ಲಿ ಒಳಗೆ ಬಂದು 5 ಕೋಟಿಗೂ ಹೆಚ್ಚು ಮತ ಪಡೆದ. ನಮ್ಮ ಕಡೆಯ ಮಾತಿನ ಧಾಟಿ, ಲುಂಗಿ, ನಾಚಿಕೆ, ಎಲ್ಲವೂ ನಮ್ಮ ಮನೆಯವನಂತೆಯೇ ಕಂಡಿತು, ನಮಗೂ ಸಂತೋಷವಾಯಿತು. ಅದಕ್ಕಿಂತ ಒಂದು ವರ್ಷ ಮೊದಲು, 2023ರ ಡಿಸೆಂಬರಿನಲ್ಲಿ, ತೆಲುಗಿನಲ್ಲಿ ಗೆದ್ದವನು ರೈತ ಪಲ್ಲವಿ ಪ್ರಶಾಂತ್. ಆ ರಾತ್ರಿ ಹೈದರಾಬಾದಿನ ಸ್ಟುಡಿಯೋ ಮುಂದೆ ಸೇರಿದ ಜನ ಆರ್‌ಟಿಸಿ ಬಸ್ಸುಗಳ ಗಾಜು ಒಡೆದರು, ಎರಡನೆಯ ಸ್ಥಾನದವನ ಕಾರಿನ ಮೇಲೂ ಬಿದ್ದರು. ಬಡವನ ಮಗ ಗೆದ್ದನೆಂಬ ಸಂತೋಷಕ್ಕೆ ಬಡವರು ಓಡಾಡುವ ಬಸ್ಸನ್ನೇ ಒಡೆಯುವುದು ಯಾವ ಲೆಕ್ಕವೋ.

ಇನ್ನು ಹೇಳಲೇಬೇಕಾದ ಮಾತು. ಇದಕ್ಕಾಗಿಯೇ ಇಷ್ಟು ಬರೆದದ್ದು.

ಕಳೆದ ಬೇಸಿಗೆಯ ಮಕ್ಕಳ ಶಿಬಿರದಲ್ಲಿ ಕೊನೆಯ ಸಂಜೆ ಯುವಕರು 'ಬಿಗ್ ಬಾಸ್' ಆಟ ಆಡಿಸಿದರು. ಮೈಕಿನಲ್ಲಿ ದಪ್ಪ ದನಿ, ಸೋಫಾದ ಬದಲು ಪ್ಲಾಸ್ಟಿಕ್ ಕುರ್ಚಿಗಳು. ಹನ್ನೆರಡು ಮಕ್ಕಳು. ಒಬ್ಬೊಬ್ಬರೂ ಎದ್ದು ಇಬ್ಬರ ಹೆಸರು ಹೇಳಬೇಕು, ಕಾರಣ ಕೊಡಬೇಕು. ನದಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗನಿದ್ದ. ಮನೆಯಲ್ಲಿ ಬರೀ ಕನ್ನಡ, ತೆಲುಗು ಮಾತಾಡಿದರೆ ತಡವರಿಸುತ್ತಾನೆ, ಹಾಗಾಗಿ ಕಡಿಮೆ ಮಾತಾಡುತ್ತಾನೆ. ಮೊದಲನೆಯವನು ಅವನ ಹೆಸರು ಹೇಳಿದ: "ಮಿಂಗಲ್ ಆಗಲ್ಲ." ಎರಡನೆಯವಳೂ ಅದೇ ಹೆಸರು, ಅದೇ ಕಾರಣ. ಮೂರನೆಯವನಿಗೆ ಬೇರೆ ಯೋಚಿಸುವ ಕಷ್ಟವೇಕೆ? ಮಿಂಗಲ್ ಎಂಬ ಶಬ್ದ ಆ ಮಕ್ಕಳಿಗೆ ಎಲ್ಲಿಂದ ಬಂತೆಂದು ನಿಮಗೂ ಗೊತ್ತು. ಹನ್ನೊಂದು ಜನರಲ್ಲಿ ಒಂಬತ್ತು ಜನ ಅವನನ್ನೇ ಹೇಳಿದರು. ಅವನ ಸರದಿ ಬಂದಾಗ ಯಾರ ಹೆಸರನ್ನೂ ಹೇಳದೆ ಸುಮ್ಮನೆ ನಿಂತ. ಮೈಕಿನ ದನಿ ಅದನ್ನೂ ತಮಾಷೆ ಮಾಡಿತು. ಆಮೇಲೆ ಎಲ್ಲರೂ ಕೈ ಬೀಸಿ ಬೀಳ್ಕೊಟ್ಟರು, ಅವನು ಚೀಲ ಹಿಡಿದು ಬಾಗಿಲ ಹೊರಗೆ ಹೋಗಿ ನಿಲ್ಲಬೇಕಿತ್ತು, ನಿಂತ.

ನಾವು ಹಿರಿಯರು ನಾಲ್ಕು ಜನ ಹಿಂದೆ ಕೂತಿದ್ದೆವು. ನಕ್ಕೆವು. ಒಬ್ಬರು ಮೊಬೈಲಿನಲ್ಲಿ ತೆಗೆದೂ ಇಟ್ಟರು. ತೆಲುಗು, ಕನ್ನಡ, ಉರ್ದು ಬೆರೆತ ಊರಿನಲ್ಲಿ ಕಡಿಮೆ ಜನರ ಮಾತನ್ನು ಆಡುವವರಾಗಿ, ಕಡಿಮೆ ಜನರ ಧರ್ಮವನ್ನು ನಡೆಸುವವರಾಗಿ, "ನೀವು ನಮ್ಮೊಳಗೆ ಬೆರೆಯುವುದಿಲ್ಲ" ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಸಿಕೊಂಡಿದ್ದೇವೆ! ಅದೇ ಮಾತನ್ನು ನಮ್ಮ ಮಕ್ಕಳು ನಮ್ಮದೇ ಹುಡುಗನಿಗೆ ಹೇಳಿದಾಗ ನಮಗೆ ಕೇಳಿಸಲಿಲ್ಲ. ಆಟದ ಗುರುತು ಹಚ್ಚಿದ್ದರಿಂದ ಅದು ಆಟವಾಗಿಯೇ ಕಂಡಿತು.

ಜೂನ್ ತಿಂಗಳಲ್ಲಿ ಅವನು ಧರ್ಮೋಪದೇಶಕ್ಕೆ ಬರುವುದು ನಿಂತಿತು. ಕೆಲಸವಿರಬೇಕು ಅಂದುಕೊಂಡೆವು. ಜುಲೈನಲ್ಲಿ ಆ ಕಡೆ ಹೋದಾಗ ಮನೆಗೆ ಹೋದೆವು. ತಾಯಿ ಚಹಾ ಮಾಡಿದರು. ಟಿವಿ ಹಚ್ಚಿತ್ತು, ಸದ್ದು ಸಣ್ಣ ಮಾಡಿದರು. ಹುಡುಗ ಎಮ್ಮೆ ಕಟ್ಟುತ್ತಿದ್ದ. ನಾವು ಕ್ಷಮೆ ಕೇಳಿದೆವು. ಅವನು ನಮ್ಮ ಮುಖ ನೋಡದೆ, "ಎಲ್ಲರೂ ಒಂದ ಮಾತು ಅಂದ್ರಲ್ರೀ, ಸುಳ್ಳು ಇರಂಗಿಲ್ಲ ಬಿಡ್ರಿ" ಎಂದ. ಈ ಮಾತಿಗೆ ನಾವು ಸಿದ್ಧರಾಗಿ ಹೋಗಿರಲಿಲ್ಲ. ಒಂಬತ್ತು ಜನ ಹೇಳಿದ್ದೇ ಅವನೂ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ. ಏನೋ ಹೇಳಿದೆವು, ನೆನಪಿಲ್ಲ. ಎಮ್ಮೆಗೆ ಹೆಸರಿಟ್ಟಿದ್ದೀಯಾ ಎಂದು ಕೇಳಿದೆವು. ಇಟ್ಟಿದ್ದ. ಅದರ ಬಗ್ಗೆ ಕಾಲು ಗಂಟೆ ಮಾತಾಡಿದ, ಒಂದು ಸಲವೂ ತಡವರಿಸದೆ.

ಈಗ ಬರುತ್ತಿದ್ದಾನೆ, ವಾರ ಬಿಟ್ಟು ವಾರ. ಮರದ ಕೆಳಗೆ ಕೇಳಿದ ಆ ತಾಯಿಗೆ ನಾವು ಉತ್ತರ ಹೇಳಿದೆವು: ಇತರರ ವಿಷಯ ಗೊತ್ತಿಲ್ಲ, ನಾವಂತೂ ಪಾಪಸಂಕೀರ್ತನದಲ್ಲಿ ಹೇಳಿಕೊಂಡೆವು. ಈ ವರ್ಷದ ಶಿಬಿರಕ್ಕೆ ಯಾವ ಆಟ ಇಡೋಣ ಎಂದು ಯುವಕರು ಕೇಳುತ್ತಿದ್ದಾರೆ. ಅಂತ್ಯಾಕ್ಷರಿ ಇರಲಿ, ಎರಡೂ ಭಾಷೆಯ ಹಾಡು ನಡೆಯಲಿ ಎಂದಿದ್ದೇವೆ. ಅವನಿಗೆ ಬಹಳ ಹಾಡು ಬರುತ್ತವೆ ಎಂದು ಅವನ ತಾಯಿ ಹೇಳಿದ್ದಾರೆ.