ಇಂದಿನ ಧಮ್ಮ ಚಿಂತನೆ: ಕೇಳುವವರಿಲ್ಲದ ಟಿಕೆಟ್



ಹೊಸಪೇಟೆಯಿಂದ ಓದಲು ಮ್ಯೂನಿಕ್‌ಗೆ ಹೋದ ಮೊದಲ ವಾರ ಊರೆಲ್ಲ ಸುತ್ತಿದೆ. ಅಲ್ಲಿನ ಮೆಟ್ರೊದಲ್ಲಿ ಗೇಟಿಲ್ಲ. ಟಿಕೆಟ್ಟಿಗೆ ನಾವೇ ಯಂತ್ರದಲ್ಲಿ ಮುದ್ರೆ ಒತ್ತಿಕೊಂಡು ಹತ್ತಬೇಕು. ತಪಾಸಣೆಯವರು ಎಂದೋ ಒಮ್ಮೆ ಬರುತ್ತಾರೆ, ಸಿಕ್ಕಿಬಿದ್ದರೆ 60 ಯೂರೊ ದಂಡ. ದಿನವೂ ತಪ್ಪದೆ ಒತ್ತಿದೆ. ಎರಡನೇ ಶೀಲ ಪಾಲಿಸುತ್ತಿದ್ದೇನೆಂಬ ಹೆಮ್ಮೆ ಬೇರೆ!

ಒಂದು ರಾತ್ರಿ ಒತ್ತುವುದು ಮರೆತೆ. ಇಳಿಯುವವರೆಗೂ ಎದೆ ಡವಡವ. ಯಾರೂ ಬರಲಿಲ್ಲ. ಹೊರಗೆ ಬಂದಾಗ ಮನಸ್ಸು ಅಂದಿತು: 'ಟಿಕೆಟ್ ನಾಳೆಗಾಯ್ತು.'

ಹಾಗಾದರೆ ಅಷ್ಟು ದಿನ ಪಾಲಿಸಿದ್ದು ಶೀಲವನ್ನೋ, ದಂಡದ ಭಯವನ್ನೋ? ಹಂಪಿಯ ತಳವಾರಘಟ್ಟದಲ್ಲಿ ಒಮ್ಮೆ ಹರಿಗೋಲಿನವರಿಗೆ ಕೊಡಲು ಚಿಲ್ಲರೆ ಇರಲಿಲ್ಲ. ಮರುದಿನ ಹುಡುಕಿಕೊಂಡು ಹೋಗಿ ಕೊಟ್ಟುಬಂದಿದ್ದೆ. ಅಲ್ಲಿ ಹುಟ್ಟು ಹಾಕಿದ ಕೈ ಕಂಡಿತ್ತು, ಇಲ್ಲಿ ಯಂತ್ರವಷ್ಟೇ ಕಂಡಿತು. ರೈಲು ಓಡಿಸಿದವರಿಗೂ ಕೈಗಳಿದ್ದವಲ್ಲ!

ಬೆಳಿಗ್ಗೆ ಆ ಟಿಕೆಟ್ಟಿಗೆ ಮುದ್ರೆ ಒತ್ತಿ, ಹರಿದು ಹಾಕಿ, ಬೇರೆಯದು ಕೊಂಡೆ.